ಮಕ್ಕಳ ಫುಟ್ಸಾಲ್ ತರಬೇತಿ: ಶುಲ್ಕ ಆಟಕ್ಕೆ, ಸಮಯ ರೀಲ್ಸ್‌ಗೆ?

ಬನಶಂಕರಿಯ ತಾಯಿ (ಮೂಲ ಬರಹ)

ಎಲ್ಲ ಪೋಷಕರಿಗೆ ನಮಸ್ಕಾರ. ನನ್ನ ಮಗನಿಗೆ 10 ವರ್ಷ. ಮನೆಗೆ ಸಮೀಪದ ಟರ್ಫ್ (ಕೃತಕ ಹುಲ್ಲಿನ ಮೈದಾನ) ಒಂದರಲ್ಲಿ ನಡೆಯುವ ಫುಟ್ಸಾಲ್ (ಚಿಕ್ಕ ಅಂಗಳದಲ್ಲಿ ಐವರ ತಂಡಗಳು ಆಡುವ ಒಂದು ಬಗೆಯ ಫುಟ್ಬಾಲ್) ಅಕಾಡೆಮಿಗೆ ವಾರಕ್ಕೆ ಮೂರು ಸಂಜೆ ಹೋಗುತ್ತಾನೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ರೂಢಿಯನ್ನು ಬೇರೆ ಬಡಾವಣೆಗಳಲ್ಲಿಯೂ ನೋಡಿರುವುದರಿಂದ ಆ ರೂಢಿಯ ಬಗ್ಗೆಯೇ ಮಾತನಾಡೋಣ.

ನಾವು ಅವನನ್ನು ಸೇರಿಸಿದ್ದು ಇನ್‌ಸ್ಟಾಗ್ರಾಮ್ ಪುಟವನ್ನು ನೋಡಿ. ‘ಅಂತರರಾಷ್ಟ್ರೀಯ ಪಠ್ಯಕ್ರಮ’, ‘ಲೈಸೆನ್ಸ್ ಪಡೆದ ತರಬೇತುದಾರರು’, ‘ಪ್ರತಿ ಮಗುವಿಗೂ ವೈಯಕ್ತಿಕ ಗಮನ’ ಎಂದು ಅಲ್ಲಿ ಬರೆದಿತ್ತು. ಡೆಮೊ ತರಗತಿಯ ದಿನ ಮೂವರು ಕೋಚ್‌ಗಳು ಇದ್ದರು. ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿ, ಅಕಾಡೆಮಿಯ ಲಾಂಛನವಿರುವ ಜೆರ್ಸಿ, ಚಡ್ಡಿ, ಸಾಕ್ಸ್‌ಗಳ ಕಿಟ್ ಅನ್ನು ಅವರಿಂದಲೇ ಕೊಂಡ ಮೇಲೆ ಬ್ಯಾಚಿನಲ್ಲಿ ಉಳಿದದ್ದು ಒಬ್ಬ ಕೋಚ್ ಮತ್ತು ಇಪ್ಪತ್ತೈದಕ್ಕೂ ಹೆಚ್ಚು ಮಕ್ಕಳು.

ಅಷ್ಟು ಮಕ್ಕಳ ನಡುವೆ ಚೆಂಡು ಒಬ್ಬೊಬ್ಬರ ಕಾಲಿಗೆ ಸಿಗುವ ಹೊತ್ತೇ ಕಡಿಮೆ. ಅದರ ಮೇಲೆ ಚಿತ್ರೀಕರಣ. ಗೋಲಿನ ಹಿಂದೆ ಟ್ರೈಪಾಡ್ ನಿಲ್ಲಿಸಿ, ಚೆನ್ನಾಗಿ ಆಡುವ ನಾಲ್ಕೈದು ಮಕ್ಕಳನ್ನು ಕರೆದು, ಒಂದೇ ಡ್ರಿಬಲ್ ಮತ್ತು ಒಂದೇ ಗೋಲನ್ನು ಸರಿಯಾಗಿ ಬರುವವರೆಗೂ ಮತ್ತೆ ಮತ್ತೆ ಮಾಡಿಸುತ್ತಾರೆ. ಉಳಿದ ಮಕ್ಕಳು ಬಿಬ್ (ತಂಡ ಗುರುತಿಸುವ ಬಣ್ಣದ ಮೇಲಂಗಿ) ಹಾಕಿಕೊಂಡು ಬಲೆಯ ಪಕ್ಕದಲ್ಲಿ ನಿಂತಿರುತ್ತಾರೆ, ಇಲ್ಲವೇ ಗೋಲಾದಾಗ ಹಿನ್ನೆಲೆಯಲ್ಲಿ ಕುಣಿಯಬೇಕಾಗುತ್ತದೆ. ಈ ಬಗ್ಗೆ ಕೇಳಿದಾಗ, ‘ಆ ವಿಡಿಯೊ ನೋಡಿಯೇ ಅಲ್ಲವೇ ನೀವೂ ಬಂದದ್ದು ಮೇಡಂ’ ಎಂಬ ಉತ್ತರ ಬಂತು. ಆ ಉತ್ತರದಿಂದ ನನಗೆ ಬಹಳ ನೋವಾಯಿತು. ನನ್ನ ಮಗುವಿನ ತರಬೇತಿಯ ಸಮಯವನ್ನು ಮುಂದಿನ ಮಗುವಿನ ಪೋಷಕರನ್ನು ಕರೆತರಲು ಖರ್ಚು ಮಾಡಲಾಗುತ್ತಿದೆ ಎಂಬುದನ್ನು ಅವರು ಸಹಜವೆಂಬಂತೆ ಒಪ್ಪಿಕೊಂಡಿದ್ದರು.

ಮಗನಿಗೆ ಆಟವೆಂದರೆ ಪ್ರಾಣ, ಆದ್ದರಿಂದ ಬಿಡಿಸಲು ಮನಸ್ಸಿಲ್ಲ. ನಿಮ್ಮ ಅನುಭವವೇನು, ನಾವು ಏನನ್ನು ಕೇಳಲು ಹಕ್ಕುಳ್ಳವರು ಎಂಬುದನ್ನು ದಯವಿಟ್ಟು ತಿಳಿಸಿ.

ಮಲ್ಲೇಶ್ವರದ ತಂದೆ

ಮೇಡಂ, ನಮ್ಮದೂ ಇದೇ ಕಥೆ. ನನ್ನ ಮಗಳಿಗೆ 12 ವರ್ಷ. ನಾವು ಸೇರಿಸಿದ ಅಕಾಡೆಮಿಯ ಪುಟದಲ್ಲಿ ಮೂರು ಪೋಸ್ಟ್‌ಗಳಿಗೆ ಒಂದರಂತೆ ಹೆಣ್ಣುಮಕ್ಕಳ ಚಿತ್ರವಿತ್ತು. ಸೇರಿಸಿದ ಮೇಲೆ ಹೆಣ್ಣುಮಕ್ಕಳಿಗೆ ಬೇರೆ ಬ್ಯಾಚ್ ಇಲ್ಲ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆಯೂ ಇಲ್ಲ ಎಂಬುದು ತಿಳಿಯಿತು. ಇರುವ ಇಬ್ಬರು ಹುಡುಗಿಯರನ್ನೇ ಪ್ರತಿ ಚಿತ್ರಕ್ಕೂ ಮುಂದೆ ನಿಲ್ಲಿಸುತ್ತಾರೆ, ಪಂದ್ಯ ಬಂದಾಗ ಮಾತ್ರ ಇಬ್ಬರೂ ಬೆಂಚಿನಲ್ಲಿ ಕುಳಿತಿರುತ್ತಾರೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಮಕ್ಕಳು ಈಗ ತಮ್ಮ ಆಟವನ್ನು ಲೈಕ್‌ಗಳ ಲೆಕ್ಕದಲ್ಲಿ ಅಳೆಯುತ್ತಿದ್ದಾರೆ. ಒಂದು ವಾರ ತನ್ನ ವಿಡಿಯೊ ಬರದಿದ್ದರೆ ‘ನಾನು ಚೆನ್ನಾಗಿ ಆಡುತ್ತಿಲ್ಲವೇ’ ಎಂದು ಮಗಳು ಕೇಳುತ್ತಾಳೆ. ಇನ್‌ಸ್ಟಾಗ್ರಾಮ್ ಖಾತೆ ತೆರೆಯಲು 13 ವರ್ಷವಾಗಿರಬೇಕೆಂಬುದು ಆ ಕಂಪನಿಯದೇ ನಿಯಮ. ಹೀಗಿದ್ದರೂ ‘ನಿಮ್ಮ ಖಾತೆಯಲ್ಲಿ ನಮ್ಮನ್ನು ಟ್ಯಾಗ್ ಮಾಡಿ’ ಎಂದು ಕೋಚ್ 11 ವರ್ಷದ ಮಕ್ಕಳ ಗುಂಪಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ.

ಯಲಹಂಕದ ತಾಯಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನನ್ನ ಮಗ ಬಹಳ ಸಂಕೋಚದ ಹುಡುಗ. ಒಮ್ಮೆ ಅವನ ಗೋಲಿನ ವಿಡಿಯೊ ಹಾಕಿದ ಮೇಲೆ ಶಾಲೆಯಲ್ಲಿ ಸ್ನೇಹಿತರು ಮಾತನಾಡಿಸಿದರು, ಅವನಲ್ಲಿ ಧೈರ್ಯ ಬಂತು. ಊರಿನಲ್ಲಿರುವ ಅಜ್ಜಿ ತಾತನೂ ನೋಡಿ ಸಂತೋಷಪಟ್ಟರು. ವಿಡಿಯೊ ಬೇಡವೇ ಬೇಡ ಎಂದರೆ ನಾನು ಒಪ್ಪುವುದಿಲ್ಲ. ಯಾವಾಗ, ಎಷ್ಟು ಹೊತ್ತು, ಯಾರ ಒಪ್ಪಿಗೆಯಿಂದ ಎಂಬುದಷ್ಟೇ ನಿಗದಿಯಾಗಬೇಕು.

ಒಬ್ಬ ತರಬೇತುದಾರ (ಡಿ ಲೈಸೆನ್ಸ್)

ನಾನು ಈ ನಗರದ ಟರ್ಫ್‌ಗಳಲ್ಲಿಯೇ ಕೆಲಸ ಮಾಡುವವನು. ಪೋಷಕರ ಅಸಮಾಧಾನ ನ್ಯಾಯವಾದದ್ದು. ಆದರೆ ಚಿತ್ರೀಕರಣಕ್ಕಿಂತ ದೊಡ್ಡ ಕೊರತೆಯೊಂದು ನಿಮ್ಮ ಗಮನಕ್ಕೆ ಬಂದಿಲ್ಲ ಎನಿಸಿತು. ಫುಟ್ಸಾಲ್ ಎಂದು ಶುಲ್ಕ ಪಡೆಯುವ ಬಹುಪಾಲು ಜಾಗಗಳಲ್ಲಿ ಮಕ್ಕಳು ಆಡುತ್ತಿರುವುದು ಟರ್ಫ್ ಮೇಲಿನ ಐವರ ಫುಟ್ಬಾಲ್.

ಫುಟ್ಸಾಲ್ 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಒಳಾಂಗಣಕ್ಕೆಂದು ರೂಪಿಸಿದ ಆಟ. ಗೋಲ್‌ಕೀಪರ್ ಸೇರಿ ತಂಡಕ್ಕೆ ಐವರು, 20 ನಿಮಿಷಗಳ ಎರಡು ಅವಧಿ, ಚೆಂಡು ಆಟದಿಂದ ಹೊರಗಿರುವಾಗ ನಿಲ್ಲುವ ಗಡಿಯಾರ, 3 ಮೀಟರ್ ಅಗಲ ಮತ್ತು 2 ಮೀಟರ್ ಎತ್ತರದ ಗೋಲು. ನೆಲ ನುಣುಪಾಗಿ, ಸಮತಟ್ಟಾಗಿ ಇರಬೇಕು. ಮರದ ಹಲಗೆ ಅಥವಾ ಅಂಥದೇ ಕೃತಕ ನೆಲಕ್ಕೆ ನಿಯಮದಲ್ಲಿ ಆದ್ಯತೆಯಿದೆ. ಚೆಂಡು 4ನೇ ಅಳತೆಯದು, ಸುತ್ತಳತೆ 62ರಿಂದ 64 ಸೆಂಟಿಮೀಟರ್, ತೂಕ 400ರಿಂದ 440 ಗ್ರಾಂ. ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಪುಟಿತ. 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50 ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು, 65ನ್ನು ಮೀರಬಾರದು. ಈ ಚೆಂಡು ನೆಲಕ್ಕಂಟಿ ಓಡುವುದರಿಂದಲೇ ಮಗು ಅಂಗಾಲಿನಿಂದ ಅದನ್ನು ಹಿಡಿದಿಡಲು, ಇಕ್ಕಟ್ಟಿನಲ್ಲಿ ತಿರುಗಲು, ಕಿಕ್-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಒದ್ದು ಒಳತರುವುದು) ಮತ್ತು ಕಾರ್ನರ್‌ಗಳನ್ನು ನಾಲ್ಕು ಸೆಕೆಂಡಿನೊಳಗೆ ಆಡಲು ಕಲಿಯುತ್ತದೆ. ಉದ್ದನೆಯ ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಹೆಚ್ಚು ಪುಟಿಯುವ 5ನೇ ಅಳತೆಯ ಚೆಂಡಿನಿಂದ ಆ ಕಲಿಕೆ ಆಗುವುದಿಲ್ಲ. ಆಗ ಸಿಗುವ ವ್ಯಾಯಾಮ ಒಳ್ಳೆಯದೇ, ಐವರ ಫುಟ್ಬಾಲ್ ಕೂಡ ಮಕ್ಕಳಿಗೆ ಒಳ್ಳೆಯದೇ. ಆದರೆ ಜಾಹೀರಾತಿನಲ್ಲಿ ಮಾರಿದ್ದು ಬೇರೆ.

ಆದ್ದರಿಂದ ಸೇರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿ. ಯಾವ ಚೆಂಡನ್ನು ಬಳಸುತ್ತೀರಿ? ನನ್ನ ಮಗುವಿನ ಬ್ಯಾಚಿನಲ್ಲಿ ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಪ್ರತಿದಿನ ಬರುವ ಕೋಚ್‌ನ ಪ್ರಮಾಣಪತ್ರ ಯಾವುದು? ಲೈಸೆನ್ಸ್ ಎಂಬ ಪದದ ಹಿಂದೆ ಬಹಳ ಅಂತರಗಳು ಅಡಗಿವೆ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ನೀಡುವ ಡಿ ಲೈಸೆನ್ಸ್ ಆರಂಭಿಕ ಹಂತದ್ದು, ನನ್ನಲ್ಲಿರುವುದೂ ಅದೇ. ಅದರ ಮೇಲೆ ಏಷ್ಯನ್ ಫುಟ್ಬಾಲ್ ಒಕ್ಕೂಟದ (ಎಎಫ್‌ಸಿ) ಸಿ, ಬಿ, ಎ ಮತ್ತು ಪ್ರೊ ಹಂತಗಳಿವೆ. ಫುಟ್ಸಾಲ್‌ಗೆಂದೇ ಎಎಫ್‌ಸಿಯ ಲೆವೆಲ್ 1 ಎಂಬ ಪ್ರತ್ಯೇಕ ಕೋರ್ಸ್ ಇದೆ. ಸಂಸ್ಥೆಯ ಮಾಲೀಕರಲ್ಲಿ ಯಾರೋ ಒಬ್ಬರು ಲೈಸೆನ್ಸ್ ಪಡೆದಿದ್ದರೆ, ಮೈದಾನದಲ್ಲಿ ನಿಲ್ಲುವ ಕಾಲೇಜು ಹುಡುಗನಿಗೂ ಅದೇ ಪದವನ್ನು ಹೊಂದಿಸುವುದು ಸಾಮಾನ್ಯವಾಗಿದೆ.

ಈಗ ನಮ್ಮ ಕಡೆಯ ಮಾತು. ಟರ್ಫ್ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಸಂಜೆ ಆರರ ನಂತರ ಕಚೇರಿ ಮುಗಿಸಿ ಬರುವ ದೊಡ್ಡವರು ಹೆಚ್ಚು ಹಣ ಕೊಟ್ಟು ಆಡುವುದರಿಂದ, ಮಕ್ಕಳ ಬ್ಯಾಚ್‌ಗೆ ಸಿಗುವುದು ಸಂಜೆಯ ಒಂದೇ ತುಣುಕು. ಆ ಬಾಡಿಗೆಯನ್ನು ಸರಿದೂಗಿಸಲು ಮಾಲೀಕರು ಮಕ್ಕಳ ಸಂಖ್ಯೆಯನ್ನು ಏರಿಸುತ್ತಾರೆ. ಪೋಷಕರಲ್ಲಿಯೂ ಅನೇಕರು ತರಬೇತಿ ಮುಗಿದ ಹತ್ತೇ ನಿಮಿಷಕ್ಕೆ ‘ಇವತ್ತಿನ ವಿಡಿಯೊ ಎಲ್ಲಿ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾರೆ. ವಿಡಿಯೊ ಹಾಕದ ಕೋಚ್ ಕೆಲಸ ಮಾಡುತ್ತಿಲ್ಲ ಎಂದು ದೂರು ಹೋದದ್ದನ್ನೂ ನಾನು ಕಂಡಿದ್ದೇನೆ.

ಬನಶಂಕರಿಯ ತಾಯಿ

ಕೋಚ್ ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಚೆಂಡಿನ ವಿಷಯ ನನಗೆ ಹೊಸದು. ಇಂದು ಸಂಜೆ ಅಕಾಡೆಮಿಯ ಚೆಂಡನ್ನು ನೋಡಿದೆ, ಅದರ ಮೇಲೆ 5 ಎಂದೇ ಅಚ್ಚಾಗಿದೆ.

ಬಾಡಿಗೆಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಕಾರಣವನ್ನು ಪೂರ್ತಿಯಾಗಿ ಒಪ್ಪಲಾರೆ. ಬಾಡಿಗೆ ಹೆಚ್ಚಾದರೆ ಶುಲ್ಕ ಹೆಚ್ಚಿಸುತ್ತೇವೆ ಎಂದು ಹೇಳಲಿ, ಅಥವಾ ಒಂದು ಬ್ಯಾಚಿಗೆ 25 ಮಕ್ಕಳು ಎಂದು ಮುಂಚೆಯೇ ಬರೆಯಲಿ. ಆಗ ಒಪ್ಪುವವರು ಒಪ್ಪುತ್ತಾರೆ, ಬಿಡುವವರು ಬಿಡುತ್ತಾರೆ. ವೈಯಕ್ತಿಕ ಗಮನ ಎಂದು ಬರೆದು, ಡೆಮೊ ದಿನ ಮೂವರು ಕೋಚ್‌ಗಳನ್ನು ತೋರಿಸಿ, ಹಣ ಕಟ್ಟಿಸಿಕೊಂಡ ಮೇಲೆ ಬಾಡಿಗೆಯ ಲೆಕ್ಕ ಹೇಳುವುದು ಸರಿಯಲ್ಲ.

ಎಚ್‌ಎಸ್‌ಆರ್ ಬಡಾವಣೆಯ ತಂದೆ

ನಮ್ಮ ಕಡೆಯ ಸಮಸ್ಯೆ ಇನ್ನೂ ದುಬಾರಿಯಾದದ್ದು. ಮಗನಿಗೆ 13 ವರ್ಷ. ಕಳೆದ ಬೇಸಿಗೆಯಲ್ಲಿ ಅವನು ಸ್ಪೇನ್ ದೇಶದ ಶಿಬಿರಕ್ಕೆ ‘ಆಯ್ಕೆ’ಯಾಗಿದ್ದಾನೆ ಎಂದು ಅಕಾಡೆಮಿ ಪೋಸ್ಟರ್ ಹಾಕಿತು. ನಮಗೆ ತಿಳಿಸುವ ಮೊದಲೇ ಅವನ ಭಾವಚಿತ್ರ ಪುಟದಲ್ಲಿತ್ತು. ನೆಂಟರೆಲ್ಲ ಅಭಿನಂದಿಸಿದ ಮೇಲೆ ವೆಚ್ಚದ ಪಟ್ಟಿ ಬಂತು: ವಿಮಾನ, ವಸತಿ, ಶಿಬಿರ ಎಲ್ಲವೂ ನಮ್ಮದೇ, ಮೊತ್ತ ಲಕ್ಷಗಳಲ್ಲಿ. ವಿಚಾರಿಸಿದಾಗ ಆ ಬ್ಯಾಚಿನಲ್ಲಿ ಆಯ್ಕೆಯಾಗದ ಮಗುವೇ ಇರಲಿಲ್ಲ. ನಾವು ಕಳುಹಿಸಲಿಲ್ಲ. ಮಗ ಅನೇಕ ದಿನ ಮಾತನಾಡಲಿಲ್ಲ, ‘ಯುರೋಪಿನ ಕ್ಲಬ್ ನನ್ನನ್ನು ನೋಡುತ್ತಿತ್ತು’ ಎಂದು ಈಗಲೂ ನಂಬಿದ್ದಾನೆ. ಅವನಿಗೆ ಹೇಗೆ ವಿವರಿಸಲಿ?

ಒಬ್ಬ ತರಬೇತುದಾರ (ಡಿ ಲೈಸೆನ್ಸ್)

ಸರ್, ಮಗನಿಗೆ ಫಿಫಾದ ನಿಯಮವನ್ನೇ ತೋರಿಸಿ. ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆಗಳ ನಿಯಮಾವಳಿಯ 19ನೇ ವಿಧಿಯ ಪ್ರಕಾರ 18 ವರ್ಷ ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ವರ್ಗಾಯಿಸುವಂತಿಲ್ಲ. ಪೋಷಕರು ಫುಟ್ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ನೆಲೆ ಬದಲಿಸಿದ್ದರೆ, ಗಡಿಯ ಸಮೀಪದಲ್ಲಿ ವಾಸವಿದ್ದರೆ, ಅಥವಾ ಯುರೋಪ್ ಒಕ್ಕೂಟದೊಳಗೆ 16 ದಾಟಿದವರಾಗಿದ್ದರೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ಬೆಂಗಳೂರಿನಲ್ಲಿ ತಂದೆ ತಾಯಿಯೊಂದಿಗೆ ಇರುವ 13 ವರ್ಷದ ಹುಡುಗನನ್ನು ಸ್ಪೇನ್‌ನ ಕ್ಲಬ್ ಸೇರಿಸಿಕೊಳ್ಳಲು ಈ ನಿಯಮ ಬಿಡುವುದಿಲ್ಲ. ಅಂಥ ಶಿಬಿರವನ್ನು ಪ್ರವಾಸವೆಂದು ಕರೆದರೆ ತಪ್ಪಿಲ್ಲ, ಹೋಗಿ ಬಂದ ಮಕ್ಕಳು ಸಂತೋಷವಾಗಿಯೇ ಬರುತ್ತಾರೆ. ಅದನ್ನು ಆಯ್ಕೆ ಎಂದು ಕರೆದು ಮಗುವಿನ ಮನಸ್ಸಿನಲ್ಲಿ ಇಲ್ಲದ ಬಾಗಿಲನ್ನು ತೆರೆದು ತೋರಿಸುವುದು ನಮ್ಮ ವೃತ್ತಿಗೇ ಅವಮಾನ.

ಹಾಗೆಯೇ, ಭಾರತದ ಫುಟ್ಸಾಲ್ ಇನ್ನೂ ಎಳೆಯದು ಎಂಬುದನ್ನೂ ಅವನಿಗೆ ಹೇಳಿ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ಖಾಸಗಿ ಲೀಗ್ ದೊಡ್ಡ ದೊಡ್ಡ ವಿದೇಶಿ ತಾರೆಯರನ್ನು ಕರೆತಂದಾಗ ನಮ್ಮಲ್ಲಿ ಈ ಆಟದ ಹೆಸರು ಮನೆಮಾತಾಯಿತು. ಫೆಡರೇಷನ್ ನಡೆಸುವ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ಶುರುವಾದದ್ದು 2021ರಲ್ಲಿ. ರಾಷ್ಟ್ರೀಯ ಪುರುಷರ ತಂಡ ಅಂತರರಾಷ್ಟ್ರೀಯ ಕಣಕ್ಕಿಳಿದದ್ದು 2023ರಲ್ಲಿ. ಇಲ್ಲಿಯೇ ಏರಬೇಕಾದ ಮೆಟ್ಟಿಲುಗಳಿವೆ, ಅದಕ್ಕೆ ವಿಮಾನದ ಟಿಕೆಟ್ ಬೇಕಿಲ್ಲ.

ವಕೀಲೆ ಮತ್ತು ಇಬ್ಬರು ಮಕ್ಕಳ ತಾಯಿ

ಕಾನೂನಿನ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಶುಲ್ಕ ಕೊಟ್ಟು ತರಬೇತಿ ಪಡೆಯುವಾಗ ನೀವು ಗ್ರಾಹಕರು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವೆಯ ಬಗ್ಗೆ ಸುಳ್ಳು ವಿವರಣೆ ನೀಡುವುದು, ಮುಖ್ಯವಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದು ತಪ್ಪುದಾರಿಗೆಳೆಯುವ ಜಾಹೀರಾತು ಎನಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥದಕ್ಕೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಇನ್‌ಸ್ಟಾಗ್ರಾಮ್ ಪೋಸ್ಟ್ ಕೂಡ ಜಾಹೀರಾತೇ. 2022ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯು ಮಕ್ಕಳನ್ನು ಉದ್ದೇಶಿಸಿದ ಜಾಹೀರಾತುಗಳು ಅವಾಸ್ತವ ನಿರೀಕ್ಷೆಗಳನ್ನು ಹುಟ್ಟಿಸುವಂತೆ ಉತ್ಪ್ರೇಕ್ಷೆ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಎಚ್‌ಎಸ್‌ಆರ್‌ನ ಸರ್ ಅವರ ಪ್ರಸಂಗಕ್ಕೆ ಇದು ನೇರವಾಗಿ ಅನ್ವಯಿಸಬಲ್ಲದು.

ಒಂದು ಎಚ್ಚರಿಕೆ. ಕೋಚಿಂಗ್ ಸಂಸ್ಥೆಗಳ ಜಾಹೀರಾತಿನ ಬಗ್ಗೆ 2024ರ ನವೆಂಬರ್‌ನಲ್ಲಿ ಬಂದ ಪ್ರತ್ಯೇಕ ಮಾರ್ಗಸೂಚಿಯನ್ನು ಅನೇಕರು ಇಂಥ ದೂರುಗಳಲ್ಲಿ ಉಲ್ಲೇಖಿಸುತ್ತಾರೆ. ಅದರ ವ್ಯಾಖ್ಯೆಯಿಂದ ಕ್ರೀಡೆ, ನೃತ್ಯ, ರಂಗಭೂಮಿಗಳನ್ನು ಹೊರಗಿಡಲಾಗಿದೆ. ಆದ್ದರಿಂದ ನೀವು 2019ರ ಕಾಯ್ದೆ ಮತ್ತು 2022ರ ಮಾರ್ಗಸೂಚಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಕ್ರೀಡೆಯನ್ನು ಹೊರಗಿಟ್ಟದ್ದು ಸರಿಯಾದ ನಿರ್ಧಾರವಲ್ಲ. ಟ್ಯೂಷನ್‌ನಲ್ಲಿ ಮೋಸಹೋಗುವ ಪೋಷಕರಿಗೆ ಸಿಗುವ ರಕ್ಷಣೆ ಮೈದಾನದಲ್ಲಿ ಮೋಸಹೋಗುವವರಿಗೂ ಸಿಗಬೇಕಿತ್ತು.

ರಸೀದಿಯ ವಿಷಯಕ್ಕೆ ಬಂದರೆ, ಸೇವೆಗೆ ಹಣ ಪಡೆದು ಬಿಲ್ ಅಥವಾ ರಸೀದಿ ಕೊಡದಿರುವುದೇ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಫೋನ್‌ನಲ್ಲಿ ಹಣ ಕಳುಹಿಸಿ ಸುಮ್ಮನಾಗಬೇಡಿ, ಸಂಸ್ಥೆಯ ಹೆಸರಿನ ರಸೀದಿ ಪಡೆಯಿರಿ. ಜಾಹೀರಾತಿನ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ, ಏಕೆಂದರೆ ಪೋಸ್ಟ್‌ಗಳನ್ನು ಅಳಿಸುವುದು ಬಹಳ ಸುಲಭ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಇನ್ನು ಮಕ್ಕಳ ಚಿತ್ರಗಳು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ದೃಢೀಕರಿಸಬಹುದಾದ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯವಾದ ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ಅದಕ್ಕೆ ಕಾಯಬೇಕಾಗಿಲ್ಲ. ಒಪ್ಪಿಗೆ ಇಲ್ಲವೆಂದು ಇಂದೇ ಲಿಖಿತವಾಗಿ ತಿಳಿಸಬಹುದು, ಹಳೆಯ ಚಿತ್ರಗಳನ್ನು ತೆಗೆಯಲು ಕೇಳಬಹುದು. ಪ್ರವೇಶ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಸಾಲಿಗೆ ಸಹಿ ಹಾಕುವ ಮೊದಲು ಅದನ್ನು ಹೊಡೆದುಹಾಕಲು ಯಾವ ಅಡ್ಡಿಯೂ ಇಲ್ಲ.

ಹಲಸೂರಿನ ಹಿರಿಯರು

ನನ್ನ ಮೊಮ್ಮಗನಿಗಾಗಿ ಈ ಚರ್ಚೆಯನ್ನು ಓದುತ್ತಿದ್ದೇನೆ. ನಾನು ಬೆಳೆದದ್ದು ಗೌತಮಪುರದ ಪಕ್ಕದಲ್ಲಿ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಬೀದಿಗಳಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಹಲಸೂರು, ಆಸ್ಟಿನ್ ಟೌನ್ ಕಡೆಯ ಮೈದಾನಗಳಲ್ಲಿ ಹಳೆಯ ಆಟಗಾರರು ಕಡಿಮೆ ಶುಲ್ಕಕ್ಕೆ, ಕೆಲವರು ಶುಲ್ಕವನ್ನೇ ಪಡೆಯದೆ, ಇಂದಿಗೂ ಮಕ್ಕಳಿಗೆ ಕಲಿಸುತ್ತಿದ್ದಾರೆ. ಅವರಿಗೆ ಪುಟವಿಲ್ಲ, ಟ್ರೈಪಾಡ್ ಇಲ್ಲ. ಆದ್ದರಿಂದ ದಕ್ಷಿಣ ಬೆಂಗಳೂರಿನ ತಂದೆ ತಾಯಿ ಫೋನಿನಲ್ಲಿ ಹುಡುಕಿದಾಗ ಅವರು ಕಾಣುವುದೇ ಇಲ್ಲ, ಜಾಹೀರಾತಿಗೆ ಹಣ ಸುರಿದವರು ಮಾತ್ರ ಮೊದಲು ಕಾಣುತ್ತಾರೆ. ಅಲ್ಲಿಯೂ ಕೊರತೆಗಳಿವೆ: ನೆಲ ಸಮತಟ್ಟಿಲ್ಲ, ಮಳೆ ಬಂದರೆ ಆಟವಿಲ್ಲ, ಶೌಚಾಲಯ ಸರಿಯಿಲ್ಲ. ಆದರೆ ಒಂದು ಗಂಟೆ ಎಂದರೆ ಒಂದು ಗಂಟೆ ಪೂರ್ತಿ ಆಡಿಸುತ್ತಾರೆ.

ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ ರಾಜ್ಯ ಫುಟ್ಬಾಲ್ ಸಂಸ್ಥೆಯ ಲೀಗ್ ಪಂದ್ಯಗಳು ನಡೆಯುವಾಗ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಪಕ್ಕದಲ್ಲಿ ಕುಳಿತವರನ್ನು ವಿಚಾರಿಸಿದರೆ ಯಾರು ನಿಜವಾಗಿ ಕಲಿಸುತ್ತಾರೆ ಎಂಬುದು ಯಾವ ಪುಟಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ಮೈಸೂರಿನ ಪೋಷಕಿ

ದೊಡ್ಡ ನಗರದಲ್ಲಿ ಒಂದನ್ನು ಬಿಟ್ಟರೆ ಇನ್ನೊಂದಿದೆ. ನಮ್ಮ ಬಡಾವಣೆಯ ಸುತ್ತ ಇರುವುದು ಒಂದೇ ಅಕಾಡೆಮಿ. ದೂರು ಹೇಳಿದ ಪೋಷಕರ ಮಗುವನ್ನು ಮುಂದಿನ ಪಂದ್ಯಾವಳಿಯಲ್ಲಿ ಆಡಿಸಲಿಲ್ಲ. ಕಾರಣ ಕೇಳಿದರೆ ‘ಫಾರ್ಮ್‌ನಲ್ಲಿಲ್ಲ’ ಎಂದರು. ಆ ಪಂದ್ಯಾವಳಿಯೂ ಅವರೇ ನಡೆಸಿದ್ದು. ನಾಲ್ಕು ತಂಡಗಳಲ್ಲಿ ಎರಡು ಅವರವೇ, ಮರುದಿನ ಪುಟದಲ್ಲಿ ‘ಚಾಂಪಿಯನ್ನರು’ ಎಂಬ ಪೋಸ್ಟ್. ನನ್ನಂಥವರು ಸುಮ್ಮನಿರುವುದು ಮಗುವಿನ ಆಟ ನಿಂತೀತೆಂಬ ಭಯದಿಂದ. ಒಬ್ಬೊಬ್ಬರೇ ಕೇಳುವ ಬದಲು ಬ್ಯಾಚಿನ ಪೋಷಕರೆಲ್ಲ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಯಾವ ಮಗುವನ್ನು ಬೆಂಚಿಗೆ ಕಳುಹಿಸಬೇಕೆಂದು ಅವರಿಗೂ ತೋಚಲಿಕ್ಕಿಲ್ಲ.

ಬನಶಂಕರಿಯ ತಾಯಿ

ಮೈಸೂರಿನ ಮೇಡಂ ಹೇಳಿದಂತೆಯೇ ಮಾಡಿದೆವು. ನಮ್ಮ ಬ್ಯಾಚಿನ ಬಹುತೇಕ ಪೋಷಕರು ಸಹಿ ಮಾಡಿದ ಪತ್ರವನ್ನು ಕಳೆದ ವಾರ ಕೊಟ್ಟೆವು. ತರಬೇತಿಯ ಸಮಯದಲ್ಲಿ ಚಿತ್ರೀಕರಣ ಬೇಡ, ಲಿಖಿತ ಒಪ್ಪಿಗೆ ಕೊಟ್ಟ ಮಕ್ಕಳನ್ನು ಮಾತ್ರ ತಿಂಗಳಿಗೊಮ್ಮೆ ಬೇರೆ ಸಮಯದಲ್ಲಿ ಚಿತ್ರಿಸಲಿ. ಎರಡನೆಯ ಕೋಚ್ ಬರಲಿ. ಫುಟ್ಸಾಲ್ ಚೆಂಡುಗಳನ್ನು ತರಲಿ. ಕೋಚ್‌ಗಳ ಪ್ರಮಾಣಪತ್ರಗಳನ್ನು ತೋರಿಸಲಿ. ಕಟ್ಟಿದ ಹಣಕ್ಕೆ ರಸೀದಿ ಕೊಡಲಿ ಎಂದು ಕೇಳಿದ್ದೆವು.

ಚಿತ್ರೀಕರಣದ ಬೇಡಿಕೆಯನ್ನು ಒಪ್ಪಿದ್ದಾರೆ, ಟ್ರೈಪಾಡ್ ಈ ವಾರ ಬಂದಿಲ್ಲ. ನಾಲ್ಕನೇ ಅಳತೆಯ ಚೆಂಡುಗಳು ಬಂದಿವೆ. ಆಟದ ರೀತಿಯೇ ಬದಲಾಗಿದೆ ಎಂದು ಮಗ ಹೇಳುತ್ತಾನೆ. ರಸೀದಿ ಇನ್ನೂ ಬಂದಿಲ್ಲ. ಎರಡನೆಯ ಕೋಚ್ ಬೇಕಾದರೆ ಶುಲ್ಕ ಏರಿಸಬೇಕಾಗುತ್ತದೆ ಎಂದರು, ಆ ಬಗ್ಗೆ ಪೋಷಕರಲ್ಲಿಯೇ ಭಿನ್ನಾಭಿಪ್ರಾಯವಿದೆ. ಪ್ರಮಾಣಪತ್ರದ ಪ್ರಶ್ನೆಗೆ ‘ಅದು ಆಂತರಿಕ ವಿಷಯ’ ಎಂಬ ಉತ್ತರ ಬಂದಿದೆ. ವಕೀಲ ಮೇಡಂ, ಈ ಒಂದಕ್ಕೆ ಏನು ಮಾಡಬಹುದು?

ವಕೀಲೆ ಮತ್ತು ಇಬ್ಬರು ಮಕ್ಕಳ ತಾಯಿ

‘ಲೈಸೆನ್ಸ್ ಪಡೆದ ತರಬೇತುದಾರರು’ ಎಂದು ಜಾಹೀರಾತಿನಲ್ಲಿ ಬರೆದವರು ಅದನ್ನು ಆಂತರಿಕ ವಿಷಯ ಎನ್ನಲಾಗದು. ಜಾಹೀರಾತಿನ ಹೇಳಿಕೆಗೆ ಆಧಾರ ತೋರಿಸುವ ಹೊಣೆ ಹೇಳಿದವರದು. ಆ ಪೋಸ್ಟ್‌ನ ಸ್ಕ್ರೀನ್‌ಶಾಟ್, ಶುಲ್ಕ ಕಟ್ಟಿದ ಬ್ಯಾಂಕ್ ದಾಖಲೆ ಮತ್ತು ಅವರ ಉತ್ತರವನ್ನು ಸೇರಿಸಿ, 15 ದಿನಗಳ ಗಡುವು ಕೊಟ್ಟು ಇನ್ನೊಂದು ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಗಡುವು ಮುಗಿದರೂ ಉತ್ತರ ಬರದಿದ್ದರೆ ಸಹಾಯವಾಣಿಗೆ ದೂರು ಕೊಡಿ. ರಸೀದಿಯ ವಿಷಯವನ್ನೂ ಅದೇ ಪತ್ರದಲ್ಲಿ ಸೇರಿಸಿ. ಪತ್ರದ ಕರಡನ್ನು ನಾಳೆ ಇಲ್ಲಿಯೇ ಹಾಕುತ್ತೇನೆ, ಬೇರೆ ಅಕಾಡೆಮಿಗಳ ಪೋಷಕರೂ ತಮಗೆ ಬೇಕಾದಂತೆ ಬದಲಿಸಿಕೊಂಡು ಬಳಸಬಹುದು.